ಬಿಳಿ ಗಿಡದ ಕೆಂಪು ಹೂ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಬಂದ ಹೆಂಗಸು ಕುರ್ಚಿಯಲ್ಲಿ ಕೂತವಳೇ ಬಾಯಿ ತೆರೆದಳು. ಡಾಕ್ಟರು ಪುಟ್ಟ ಕನ್ನಡಿ ಹಿಡಿದು ಬಗ್ಗಿದರು. ಅವಳಿಗೆ ಹಲ್ಲುನೋವೇ ಇರಲಿಲ್ಲ.

"ನಮ್ಮಕ್ಕ ತೀರಿಕೊಂಡು ವರ್ಷದ ಮೇಲಾಯ್ತು ಡಾಕ್ಟ್ರೇ. ಅವಳ ಬಿಳಿ ಗುಲಾಬಿ ಈ ವಾರ ಕೆಂಪಗೆ ಅರಳಿದೆ. ನಾನೇ ಗಿಡ ಕದ್ದು ಆ ಜಾಗದಲ್ಲಿ ಬೇರೆ ನೆಟ್ಟಿದ್ದೀನಿ ಅಂತಾರೆ ಭಾವ. ಸಂಜೆಯೊಳಗೆ ತಂದುಕೊಡದಿದ್ರೆ ಪೊಲೀಸರಿಗೆ ಹಿಡಿದುಕೊಡ್ತಾರಂತೆ. ಮಹಡಿ ಮೇಲಿನ ದೊಡ್ಡಕ್ಕನ್ನ ಕರೀತೀರಾ?"

ಮಹಡಿಯಲ್ಲಿ ಬಾಡಿಗೆಗಿದ್ದ ದೊಡ್ಡಕ್ಕ ನಿವೃತ್ತ ಇನ್ಸ್‌ಪೆಕ್ಟರ್. ಊರವರು ಬಿಡಿಸಲಾಗದ ಗಂಟುಗಳನ್ನೆಲ್ಲ ಹೊತ್ತು ಅವರ ಮೆಟ್ಟಿಲು ಹತ್ತುತ್ತಿದ್ದರು. ಡಾಕ್ಟರೋ, ದೆವ್ವದ ಹೆಸರೆತ್ತಿದರೆ ಕೈಕಾಲು ತಣ್ಣಗಾಗುವ ಜೀವ. ಆದರೂ ದೊಡ್ಡಕ್ಕ ಚಪ್ಪಲಿ ಮೆಟ್ಟಿದರೆಂದರೆ ಇವರು ಕ್ಲಿನಿಕ್ಕಿಗೆ ಬೀಗ ಹಾಕಿ ಹಿಂದೆಯೇ ಹೊರಡುತ್ತಿದ್ದರು.

"ಇನ್ನೊಂದು ಮಾತು," ಎಂದಳು ಸತ್ತವಳ ತಂಗಿ, ಭಾವನ ತೋಟಕ್ಕೆ ಹೋಗುವ ದಾರಿಯಲ್ಲಿ. "ಸಂಜೆ ಅಡುಗೆಮನೇಲಿ ಆ ಬಿಳಿ ಹೂವಿನ ವಾಸನೆ ಬರುತ್ತೆ. ಹೂವೇ ಇಲ್ಲ, ವಾಸನೆ ಮಾತ್ರ. ಅಕ್ಕ ಬಂದು ಪಕ್ಕದಲ್ಲಿ ನಿಂತ ಹಾಗಾಗುತ್ತೆ."

ಡಾಕ್ಟರು ದೊಡ್ಡಕ್ಕನಿಗೆ ಇನ್ನೂ ಒಂದು ಹೆಜ್ಜೆ ಹತ್ತಿರವಾಗಿ ನಡೆದರು.

ತೋಟ ದೊಡ್ಡದು. ಪರ್ಷಿಯಾದ ಗುಲಾಬಿಗೊಂದು ಮಡಿ, ಚೀನಾದ್ದಕ್ಕೊಂದು, ಅತ್ತರು ತೆಗೆಯುವ ಬಲ್ಗೇರಿಯಾದ್ದಕ್ಕೊಂದು. ಕೊನೆಯ ಮಡಿಯಲ್ಲಿ ಈ ತೋಟದಲ್ಲೇ ಹುಟ್ಟಿದ ಹೊಸ ತಳಿಗಳು. ಅವುಗಳ ಮುಂದಿನ ಹಿತ್ತಾಳೆ ಫಲಕಗಳಲ್ಲಿ ತೋಟದ ಯಜಮಾನರಾದ ಭಾವನ ಹೆಸರೇ ಮಿನುಗುತ್ತಿತ್ತು.

"ಇವನ್ನೆಲ್ಲ ನೀವೇ ಮಾಡಿದ್ದಾ?" ದೊಡ್ಡಕ್ಕ ಕೇಳಿದರು.

"ಮತ್ತಿನ್ಯಾರು?" ಎಂದರು ಯಜಮಾನರು. ತಂಗಿ ನೆಲ ನೋಡಿದಳು. ಡಾಕ್ಟರ ಕಣ್ಣು ಯಜಮಾನರ ಕೈಮೇಲೆ ಬಿತ್ತು. ಒಂದು ಗೀರೂ ಇಲ್ಲದ ನುಣುಪು ಕೈ.

ಬಿಳಿ ಗುಲಾಬಿಯ ಗಿಡ ಕಬ್ಬಿಣದ ಬೇಲಿಯೊಳಗೆ ಒಂಟಿಯಾಗಿ ನಿಂತಿತ್ತು. ಆಳೆತ್ತರದ ಕಡ್ಡಿಗಳ ತುಂಬ ಕಡುಗೆಂಪು ಹೂಗಳು. ಗಾಳಿಯಿಲ್ಲದಿದ್ದರೂ ಎಸಳು ಉದುರುತ್ತಿದ್ದವು. ಡಾಕ್ಟರಿಗೆ ಅಲ್ಲಿ ನಿಲ್ಲಲು ಮನಸ್ಸಾಗಲಿಲ್ಲ.

"ಅವಳು ಹೋದಮೇಲೆ ಈ ಗಿಡಕ್ಕೆ ಕತ್ತರಿ ಸೋಕಿಸಿಲ್ಲ," ಎಂದರು ಯಜಮಾನರು. "ಬೇಲಿ ಹಾಕಿ ಬೀಗ ಜಡಿದೆ, ಮಾಲಿಗಳನ್ನೂ ಬಿಡಲಿಲ್ಲ. ಹೋದ ವರ್ಷ ಒಂದು ಹೂವೂ ಬಿಡಲಿಲ್ಲ. ಗಿಡವೂ ದುಃಖದಲ್ಲಿದೆ ಅಂದುಕೊಂಡೆ. ಈ ಚಳಿಗಾಲದಲ್ಲಿ ಇವಳು ಬಂದು ಸೇರಿಕೊಂಡಳು, ನೋಡಿ, ಹೀಗಾಯ್ತು!"

"ಕೊನೇ ಸಲ ಇದನ್ನ ಸವರಿದ್ದು ಯಾರು?"

"ಅವಳೇ. ಚಳಿ ಕಳೆಯೋ ಹೊತ್ತಿಗೆ ತೋಟದ ಗಿಡಗಳನ್ನೆಲ್ಲ ಮೊಣಕಾಲುದ್ದಕ್ಕೆ ಸವರ್ತಾರಲ್ಲ, ಆಗ. ಅದಾಗಿ ವಾರದಲ್ಲೇ ಎದೆನೋವಲ್ಲಿ ಹೋದಳು." ಅವರ ದನಿ ನಡುಗಿತು. ಆ ದುಃಖ ಸುಳ್ಳಾಗಿರಲಿಲ್ಲ.

ದೊಡ್ಡಕ್ಕ ಮೊಣಕಾಲೂರಿ ಬುಡದ ಮಣ್ಣು ಸರಿಸಿದರು. ಮಣ್ಣಿನಡಿ ಮುಷ್ಟಿಗಾತ್ರದ ಬೊಡ್ಡೆ, ಅದರ ನೆತ್ತಿಯ ಮೇಲೆ ಒಣಗಿ ಬೂದಿಬಣ್ಣಕ್ಕೆ ತಿರುಗಿದ ನಯವಾದ ಕೊಯ್ತ. ಕೆಂಪು ಹೂವಿನ ಕಡ್ಡಿಗಳೆಲ್ಲ ಅದರ ಕೆಳಗಿನಿಂದ ಎದ್ದಿದ್ದವು. ತೊಗಟೆ ಬಲಿತು ಒರಟಾಗಿತ್ತು.

"ಕ್ಯಾಪ್ ಬಿದ್ದುಹೋದ ಹಲ್ಲಿನ ಹಾಗಿದೆ," ಎಂದರು ಡಾಕ್ಟರು. "ಮೇಲಿನ ಬಿಳುಪು ನಮ್ಮದು, ಕೆಳಗಿನ ಬೇರು ರೋಗಿಯದು."

ದೊಡ್ಡಕ್ಕ ಅವರನ್ನೇ ದಿಟ್ಟಿಸಿದರು. "ಡಾಕ್ಟ್ರೇ, ಅರ್ಧ ಕೇಸು ನೀವೇ ಬಿಡಿಸಿಬಿಟ್ರಿ." ಯಾವ ಅರ್ಧ ಎಂದು ಡಾಕ್ಟರಿಗೆ ಹೊಳೆಯಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಕಾದು ಕೂತರು. ಕಿಟಕಿಯಾಚೆ ಹಿತ್ತಲು. ಅಲ್ಲಿ ಕಾಡುಗುಲಾಬಿಯ ಪೊದೆಯೊಂದು ಗೋಡೆ ಹತ್ತಿ ಸೌದೆ ಕೊಟ್ಟಿಗೆಯ ಮಾಡನ್ನೆಲ್ಲ ಮುಚ್ಚಿತ್ತು. ಬೆಳಕು ಇಳಿಯಿತು, ಗಾಳಿ ತಿರುಗಿತು. ತಂಪಾದ ಸಿಹಿ ವಾಸನೆಯೊಂದು ಒಲೆಯ ಬಳಿ ಬಂದು ನಿಂತಿತು. ತಂಗಿಯ ಕಣ್ಣು ತುಂಬಿತು. ಡಾಕ್ಟರು ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ತಮ್ಮ ರೋಗಿಗಳು ಹಾಗೇಕೆ ಹಿಡಿಯುತ್ತಾರೆಂಬುದು ಅವರಿಗೆ ಅಂದು ಅರ್ಥವಾಯಿತು.

ದೊಡ್ಡಕ್ಕ ಏಣಿ ಕೇಳಿ ಹಿಂಬಾಗಿಲಿನಿಂದ ಹೊರಗೆ ಹೋದರು. ಮರಳಿ ಬಂದಾಗ ಮೊಣಕೈವರೆಗೂ ಮುಳ್ಳಿನ ಗೀರುಗಳಿದ್ದವು. "ಎಲ್ಲರನ್ನೂ ಹಾಲ್‌ಗೆ ಕರೀರಿ," ಎಂದರು.

ಹೊಸ ತಳಿಯಾದ ಆ ಬಿಳಿ ಗುಲಾಬಿಯ ಹಕ್ಕು ಕೊಳ್ಳಲು ಅಂದು ಸಂಜೆ ಬರಬೇಕಿದ್ದ ನರ್ಸರಿಯವರೂ ಅಷ್ಟರಲ್ಲಿ ಬಂದಿದ್ದರು. ದೊಡ್ಡಕ್ಕ ಕೆಂಪು ಹೂವೊಂದನ್ನು ಅವರ ಮುಂದಿಟ್ಟರು. "ಇದೇನು ಹೇಳಿ?"

ನರ್ಸರಿಯವರು ಎತ್ತಿಯೂ ನೋಡಲಿಲ್ಲ. "ಬೇರುಗಿಡದ ಹೂವು. ಒಳ್ಳೆ ಗುಲಾಬೀನ ಇದರ ಮೇಲೆ ಕಸಿ ಕಟ್ತೀವಿ. ಮೇಲಿನದು ಹೋದ್ರೆ ಇದು ಚಿಗುರುತ್ತೆ. ಕಸಿ ಕಟ್ಟೋರು ಯಾರಾದ್ರೂ ಹೇಳ್ತಾರೆ." ಹೇಳಿದ ಮೇಲೆ ಯಜಮಾನರ ಮುಖ ನೋಡಿ ನಾಲಗೆ ಕಚ್ಚಿಕೊಂಡರು.

"ಇದು ಯಾವ ವಯಸ್ಸಿನ ಕಡ್ಡೀಲಿ ಹೂ ಬಿಡುತ್ತೆ?"

"ಹಿಂದಿನ ವರ್ಷ ಬೆಳೆದ ಕಡ್ಡೀಲಿ ಮಾತ್ರ."

"ಅದಕ್ಕೇ ಹೋದ ವರ್ಷ ಹೂವಿರಲಿಲ್ಲ, ದುಃಖಕ್ಕಲ್ಲ," ಎಂದರು ದೊಡ್ಡಕ್ಕ. "ಮೇಲಿನ ಗಿಡ ಹೋಗಿ ವರ್ಷದ ಮೇಲಾಗಿದೆ. ಈ ಹುಡುಗಿ ಬಂದದ್ದು ಈ ಚಳಿಗಾಲದಲ್ಲಿ. ಇವಳಲ್ಲ. ಬೊಡ್ಡೆಯೂ ಹಳೇದೇ, ಯಾರೂ ಕಿತ್ತು ಬೇರೆ ನೆಟ್ಟಿಲ್ಲ. ನಿಮ್ಮ ಹೆಂಡತಿ ಹೋದಮೇಲೆ ಕತ್ತರಿ ಸೋಕಿಲ್ಲ ಅಂದವರು ನೀವೇ. ಅಂದಮೇಲೆ ಕೊನೇ ಕತ್ತರಿ ಯಾರದ್ದು?"

ಉತ್ತರವನ್ನೂ ದೊಡ್ಡಕ್ಕನೇ ಕೊಟ್ಟರು.

"ಎಲ್ಲ ಗಿಡಗಳನ್ನೂ ಮೊಣಕಾಲುದ್ದಕ್ಕೆ ಸವರಿದಾಗ ಆಕೆ ಇದೊಂದನ್ನ ಕಸಿಯ ಗಂಟಿನ ಕೆಳಗೆ ಕೊಯ್ದು ಮಣ್ಣು ಮುಚ್ಚಿದ್ರು. ಆಮೇಲೆ ಮಣ್ಣಿಂದ ಏಳೋ ಚಿಗುರು ಬೇರುಗಿಡದ್ದೋ ಬಿಳಿಯದ್ದೋ ಅಂತ ನಿಮಗೆ ಗೊತ್ತಾಗಲ್ಲ ಅನ್ನೋದು ಆಕೆಗೆ ಗೊತ್ತಿತ್ತು."

"ಯಾಕೆ?" ಎಂದರು ಯಜಮಾನರು. "ನನ್ನ ಮೇಲೆ ಅಂಥ ಸಿಟ್ಟು ಯಾಕೆ?"

ಉತ್ತರ ನರ್ಸರಿಯವರಿಂದ ಬಂತು. "ಈ ಬಿಳಿ ಹೂವಿಗೂ ನಿಮ್ಮ ಹೆಸರೇ ಇಡೋಣ ಅಂತ ನಾವು ಮಾತಾಡಿದ ದಿನ ಟೀ ತಂದುಕೊಟ್ಟಿದ್ದು ಅವರೇ. ಕಪ್ಪುಗಳನ್ನ ಇಟ್ಟು, ನಿಂತು ಕೇಳಿಸಿಕೊಂಡ್ರು."

"ಕಸಿಯೆಲ್ಲ ಕಟ್ತಿದ್ದೋಳು ಅಕ್ಕ," ಎಂದಳು ತಂಗಿ. "ಭಾವ, ಅವಳ ಕೈ ನೀವು ಯಾವತ್ತಾದ್ರೂ ನೋಡಿದ್ರಾ?"

ಯಜಮಾನರು ತಮ್ಮ ನುಣುಪು ಕೈಗಳನ್ನೇ ನೋಡಿಕೊಂಡರು. "ಆ ಬಿಳಿ ಹೂವು ಸತ್ತೇಹೋಯ್ತಾ?" ಎಂದು ಕೊನೆಗೆ ಕೇಳಿದರು.

"ಇಲ್ಲ. ಒಂದು ಗುಲಾಬಿ ಉಳಿಯೋಕೆ ಅದರ ಕಡ್ಡಿಯಿಂದ ಉಗುರಗಲದ ಒಂದು ಚಿಗುರುಗಣ್ಣು ಸಾಕು. ಅದನ್ನ ಹಿತ್ತಲ ಕಾಡುಗುಲಾಬಿಗೆ ಕಸಿ ಕಟ್ಟಿಟ್ಟು ಹೋಗಿದ್ದಾರೆ. ಈಗ ಸೌದೆ ಕೊಟ್ಟಿಗೆ ಮಾಡಿನ ಮೇಲೆ, ಕೆಳಗಿನಿಂದ ಕಾಣದ ಕಡೆ, ರಾಶಿ ಹೂ ಬಿಟ್ಟಿದೆ. ಸಂಜೆ ಗಾಳಿ ತಿರುಗಿದ್ರೆ ವಾಸನೆ ಅಡುಗೆಮನೆಗೆ ಬರುತ್ತೆ. ಹೂವೇ ಇಲ್ಲ ಅಂತ ಹೆದರಿದ್ರಿ, ಏಣಿ ಹತ್ತಿ ನೋಡಿದ್ರೆ ಸಾಕಿತ್ತು."

ತಂಗಿ ಮುಖ ಮುಚ್ಚಿಕೊಂಡು ಅತ್ತಳು. ಇಷ್ಟು ದಿನ ಅಕ್ಕ ನಿಜವಾಗಿಯೂ ಪಕ್ಕದಲ್ಲೇ ಇದ್ದಳು.

ಯಜಮಾನರು ಎದ್ದರು. ಪರ್ಷಿಯಾದಿಂದ ಬಲ್ಗೇರಿಯಾದವರೆಗಿನ ಗುಲಾಬಿಗಳ ಕತೆಯನ್ನು ಬಂದವರಿಗೆಲ್ಲ ಬಾಯಿಪಾಠವಾಗಿ ಒಪ್ಪಿಸುತ್ತಿದ್ದ ಮನುಷ್ಯ, ತನ್ನದೇ ಮನೆಯ ಹಾಲ್‌ನ ನಡುವೆ ನಿಂತು ಅತ್ತ ಇತ್ತ ನೋಡಿದರು.

"ಹಿತ್ತಲಿಗೆ," ಎಂದರು ಮೆಲ್ಲಗೆ, "ಹೇಗೆ ಹೋಗೋದು?"

ತಂಗಿ ಕಣ್ಣೊರೆಸಿಕೊಂಡು ಮುಂದೆ ನಡೆದಳು. ಅವರು ಅವಳ ಹಿಂದೆ ಹೋದರು.