ಕೆಲಸವಿಲ್ಲದ ರಾಣಿ

“ನೇಕಾರಳಾ? ನನ್ನ ಮಗಳಾ?” ಡಾಕ್ಟರ್ ವಿರೂಪಾಕ್ಷ ಟೋಸ್ಟ್ ಕಚ್ಚುವುದನ್ನೇ ಮರೆತರು.

“ಹೌದು ಅಪ್ಪಾ. ಶುಕ್ರವಾರ ಸ್ಕೂಲಲ್ಲಿ ಈಜಿಪ್ಶಿಯನ್ ಡೇ. ನಾನು, ಕ್ಲೋಯಿ ಇಬ್ಬರೂ ವೀವರ್ಸ್. ಇಟ್ಸ್ ಬ್ರಿಲಿಯಂಟ್!” ಎಂದಳು ಹಂಸಾ.

ಅವಳೇನೂ ಬಡಾಯಿ ಕೊಚ್ಚುತ್ತಿರಲಿಲ್ಲ. ಅಗಸೆ ಗಿಡದ ಕಡ್ಡಿಗಳನ್ನು ಟೀಚರ್ ಮಿಸೆಸ್ ಹಾರ್‌ಗ್ರೀವ್ಸ್ ಬಕೆಟ್ಟಿನಲ್ಲಿ ನೆನೆಹಾಕಿದ್ದರು. ಕ್ಲಾಸೆಲ್ಲ ಕೊಳೆತ ನಾತ. ಉಳಿದವರು ಮೂಗು ಮುಚ್ಚಿಕೊಂಡು ಓಡಿದರೆ, ಹಂಸಾ ಕಡ್ಡಿ ಸುಲಿದು ನಾರು ತೆಗೆದಳು. ತೊಡೆಯ ಮೇಲೆ ಹೊಸೆದಳು. ಅದು ನೂಲಾದಾಗ ಕುಣಿದಾಡಿಬಿಟ್ಟಳು. ಪಿರಮಿಡ್ಡಿನ ಕಾಲದಲ್ಲಿ ರಾಜನ ಬಟ್ಟೆಗೂ ಮಮ್ಮಿಗೆ ಸುತ್ತುವ ಪಟ್ಟಿಗೂ ಇದೇ ಲಿನನ್ ನೂಲು ಬೇಕಿತ್ತಂತೆ.

“ಕ್ವೀನ್ ಯಾರು?” ಅಪ್ಪ ಕೇಳಿದರು.

“ಯಾರೋ. ನನಗಂತೂ ಬೇಡ.”

“ನಾವು ಯಾರಿಗೇನು ಕಡಿಮೆ ಪುಟ್ಟಾ? ನಾನು ಮಾತಾಡ್ತೀನಿ.”

ಮಾತಾಡಿಯೇಬಿಟ್ಟರು! ಆಸ್ಪತ್ರೆಯಲ್ಲಿ ತಮ್ಮ ಡ್ಯೂಟಿ ರೋಟಾ ಬದಲಾಯಿಸಿ ಎಂದು ಕೇಳಲೂ ಬಾಯಿ ಬರದ ಮನುಷ್ಯ, ಮಗಳ ಕಿರೀಟಕ್ಕಾಗಿ ಶಾಲೆಯ ಗೇಟಿನಲ್ಲೇ ಟೀಚರನ್ನು ಅಡ್ಡಗಟ್ಟಿದರು. ಹೆಣ್ಣುಮಕ್ಕಳು, ಕಾನ್ಫಿಡೆನ್ಸ್, ಲೀಡರ್‌ಶಿಪ್ ಎಂದು ಭಾಷಣವನ್ನೇ ಬಿಗಿದರು. ಪಾಪ, ಟೀಚರ್ ಮೂರು ಸಲ ‘ಸಾರಿ’ ಕೇಳಿದರು. ಸಂಜೆಯ ಹೊತ್ತಿಗೆ ಹಂಸಾ ರಾಣಿಯಾಗಿದ್ದಳು.

ಹಂಸಾ ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು ಅಪ್ಪ.

ಶುಕ್ರವಾರ ಶಾಲೆಯ ಹಾಲ್ ತುಂಬ ಫೇರೋಗಳೇ. ಅವರಿದ್ದ ಹಾರ್ಬೋರ್ನ್ ಬಡಾವಣೆಯ ಅಂಗಡಿಗಳಲ್ಲಿದ್ದ ಚಿನ್ನದ ಬಣ್ಣದ ಪೇಪರೆಲ್ಲ ಅವರ ತಲೆಯ ಮೇಲಿತ್ತು. ಮನೆಮನೆಯ ಬೆಡ್‌ಶೀಟ್‌ಗಳು ಅವರ ಮೈಮೇಲಿದ್ದವು. ಇಷ್ಟೊಂದು ರಾಜರಿಗೆ ಪ್ರಜೆ ಎಂದರೆ ಕ್ಲೋಯಿ ಒಬ್ಬಳೇ.

ಅವಳ ಮುಂದಿದ್ದದ್ದು ನೆಲದ ಮಟ್ಟದಲ್ಲಿ ಎಳೆಗಳನ್ನು ಉದ್ದಕ್ಕೆ ಎಳೆದು ಕಟ್ಟಿದ ಮಗ್ಗ. ಆಚೆಗೊಬ್ಬರು, ಈಚೆಗೊಬ್ಬರು ಕೂತು ನೂಲು ಸುತ್ತಿದ ಕಡ್ಡಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಬೇಕು. ಜೊತೆಯವಳು ರಾಣಿಯಾಗಿ ಹೋದ ಮೇಲೆ ಕ್ಲೋಯಿ ಒಬ್ಬಳೇ ಅತ್ತಿಂದಿತ್ತ ತೆವಳುತ್ತಿದ್ದಳು.

ರಾಣಿಗೆ ಒಂದೇ ಕೆಲಸ, ಅಲ್ಲಾಡದೆ ಕೂರುವುದು. ಮೂಗು ತುರಿಸಿದರೂ ಕೈಯೆತ್ತುವ ಹಾಗಿಲ್ಲ, ಕಿರೀಟ ಜಾರುತ್ತದೆ. ಹಂಸಾಳ ಕಣ್ಣೆಲ್ಲ ಮಗ್ಗದ ಮೇಲೇ ಇತ್ತು. ಆ ನೂಲು ಹಿಡಿಯಲು ಅವಳ ಕೈ ಹಾತೊರೆಯುತ್ತಿತ್ತು.

ಟಪ್! ಎಳೆ ಹರಿಯಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಕ್ಲೋಯಿಗೆ ಅಳುವೇ ಬಂತು. ಮಿಸೆಸ್ ಹಾರ್‌ಗ್ರೀವ್ಸ್ ಓಡಿಹೋಗಿ ಸೆಲೋಟೇಪ್ ತಂದರು. ಫೇರೋಗಳ ಮಗ್ಗಕ್ಕೆ ಸೆಲೋಟೇಪ್!

“ಒನ್ ಮಿನಿಟ್,” ಎನ್ನುತ್ತ, ರಾಣಿಯ ಫೋಟೋ ತೆಗೆಯಲು ಬಂದಿದ್ದ ಅಪ್ಪ ಕ್ಯಾಮೆರಾ ಕೆಳಗಿಟ್ಟರು. ಇಸ್ತ್ರಿ ಪ್ಯಾಂಟಿನಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಬೆರಳ ತುದಿಗೆ ನಾಲಿಗೆ ತಾಗಿಸಿ ಒದ್ದೆ ಮಾಡಿಕೊಂಡರು. ಹರಿದ ತುದಿಗಳನ್ನು ಒಂದರ ಮೇಲೊಂದು ಇಟ್ಟು, ಹೆಬ್ಬೆರಳಿನಿಂದ ಒಮ್ಮೆ ಹೊಸೆದರು. ಎಳೆ ಕೂಡಿಕೊಂಡಿತು, ಗಂಟೇ ಇಲ್ಲ. ಆಮೇಲೆ ಇನ್ನೊಂದು. ಬೆರಳುಗಳು ಅಪ್ಪನನ್ನು ಕೇಳದೆ ತಾವೇ ಓಡುತ್ತಿದ್ದವು.

“ಮೈ ವರ್ಡ್! ಈಜಿಪ್ಟಿನವರೂ ಹೀಗೇ ಎಂಜಲು ಹಚ್ಚಿ ನಾರು ಕೂಡಿಸ್ತಿದ್ದರಂತೆ. ಎಲ್ಲಿ ಕಲಿತಿರಿ?” ಟೀಚರ್ ಕೇಳಿದರು.

ಅಪ್ಪನ ಕಿವಿ ಕೆಂಪಾಯಿತು. “ಟಿವಿಯಲ್ಲಿ... ಯಾವುದೋ ಡಾಕ್ಯುಮೆಂಟರಿ.”

ಕ್ರಿಕೆಟ್ ಬಿಟ್ಟು ಅಪ್ಪ ಟಿವಿಯಲ್ಲಿ ಬೇರೇನನ್ನೂ ನೋಡಿದ್ದನ್ನು ಹಂಸಾ ಕಂಡಿರಲಿಲ್ಲ.

ಅಷ್ಟರಲ್ಲಿ ಕ್ಲೋಯಿ ನೂಲನ್ನು ಜೋರಾಗಿ ಎಳೆದಳು. ಅಪ್ಪ ಗಾಬರಿಯಾಗಿ ಕೂಗಿದರು. “ಜಗ್ಗಬ್ಯಾಡವಾ, ಎಳಿ ಹರೀತೈತಿ!”

ಕನ್ನಡ ಬಾರದ ಕ್ಲೋಯಿ ಪಿಳಿಪಿಳಿ ನೋಡಿದಳು. ಹಂಸಾಳಿಗೆ ಮಾತ್ರ ಆ ಮಾತಿನ ಗುರುತು ಸಿಕ್ಕಿತು. ಅಪ್ಪ ಮನೆಯಲ್ಲಿ ಹೀಗೆ ಮಾತಾಡುವುದೇ ಇಲ್ಲ. ಇಳಕಲ್ಲಿನಿಂದ ಅಜ್ಜನ ಫೋನ್ ಬಂದಾಗ ಗಾರ್ಡನ್‌ಗೆ ಹೋಗಿ ಮಾತಾಡುತ್ತಾರಲ್ಲ, ಅದು ಈ ಮಾತು. ಅಜ್ಜನದು ‘ಟೆಕ್ಸ್‌ಟೈಲ್ ಬಿಸಿನೆಸ್’ ಎಂದು ಎಲ್ಲರಿಗೂ ಹೇಳುತ್ತಾರೆ. ಅಜ್ಜನ ದನಿಯ ಹಿಂದೆ ಯಾವಾಗಲೂ ಖಟಕ್ ಖಟಕ್ ಎಂದು ಕೇಳಿಸುತ್ತದೆ. ಅದೇನೆಂದು ಹಂಸಾ ಕೇಳಿದರೆ, “ಲೈನ್ ಸರಿ ಇಲ್ಲ ಪುಟ್ಟಾ” ಎನ್ನುತ್ತಾರೆ ಅಪ್ಪ.

ಲೈನ್ ಸರಿಯಾಗಿಯೇ ಇತ್ತು.

ಹಂಸಾ ಸಿಂಹಾಸನದಿಂದ ಇಳಿದು ಬಂದು ಕಿರೀಟವನ್ನು ಕ್ಲೋಯಿಯ ತಲೆಗಿಟ್ಟಳು. ತೆವಳಿ ತೆವಳಿ ಸಾಕಾಗಿದ್ದ ಕ್ಲೋಯಿ ಖುಷಿಯಿಂದ ಹೋಗಿ ಕೂತಳು. ಹಂಸಾ ಮಗ್ಗದ ಆಚೆ ಬದಿಗೆ ಚಕ್ಕಳಮಕ್ಕಳ ಹಾಕಿ ಕೂತು, ಅಪ್ಪನ ಕಡೆ ಕೈ ಚಾಚಿದಳು.

ಎದ್ದು ಹೋಗು ಎನ್ನುತ್ತಾರೇನೋ ಎಂದುಕೊಂಡಳು. ಅಪ್ಪ ಆ ಪುಟ್ಟ ಕೈಯನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಎಳೆಗಳ ನಡುವೆ ನೂಲಿನ ಕಡ್ಡಿ ತೂರಿಸಿದರು. ಹಂಸಾ ಅದನ್ನು ಜಗ್ಗದೆ, ಮೆಲ್ಲಗೆ ತೆಗೆದುಕೊಂಡಳು.