ಎದುರಿಗೆ ನಿಂತವನು

ಚೆಂಡು ಬಾವುಟದ ಕಡೆ ಹೋಗಲಿಲ್ಲ. ಬಲಕ್ಕೆ ನೆಗೆದು ಮನುವಿನ ಮೊಣಕಾಲಿಗೇ ಬಡಿಯಿತು!

ಬೀಸಿದ ಕೋಲನ್ನು ಇಳಿಸದೆ ನಿಸರ್ಗ ಹಾಗೇ ನಿಂತುಬಿಟ್ಟಳು.

ಸಾಲಗಾಮೆ ರಸ್ತೆಯ ಗಾಲ್ಫ್ ಮೈದಾನಕ್ಕೆ ನುಗ್ಗೇಹಳ್ಳಿಯ ಮನು ಕೋಚ್ ಆಗಿ ಬಂದಾಗಿನಿಂದ ಅವಳ ಆಟ ಸುಧಾರಿಸುತ್ತಲೇ ಇತ್ತು. ಈಗ ವಾರದಿಂದ ಇದ್ದಕ್ಕಿದ್ದಂತೆ ಹೀಗೆ. ದೂರದ ಹೊಡೆತಗಳೆಲ್ಲ ಸರಿ. ಹತ್ತಿರದ್ದಕ್ಕೆಂದು ವೆಡ್ಜ್ ಎಂಬ ಗಿಡ್ಡ ಕೋಲು ಹಿಡಿದರೆ ಸಾಕು, ಚೆಂಡು ಕೋಲಿನ ಮುಖಕ್ಕೆ ತಾಗದೆ ಬುಡಕ್ಕೆ ತಗುಲಿ ಅಡ್ಡಾದಿಡ್ಡಿ ಓಡುತ್ತಿತ್ತು. ಭಾನುವಾರ ಮೈಸೂರಿನಲ್ಲಿ ರಾಜ್ಯ ತಂಡದ ಆಯ್ಕೆ ಬೇರೆ.

ಮನು ಮೊಣಕಾಲು ಉಜ್ಜಿಕೊಳ್ಳುತ್ತಾ ಅವಳ ಪಾದಗಳನ್ನೇ ದಿಟ್ಟಿಸಿದ. ಅವನ ಮುಖ ಸಪ್ಪಗಾಯಿತು. ಮರುದಿನದಿಂದ ಮೈದಾನದ ಆ ತುದಿಯಲ್ಲಿ ಮಕ್ಕಳಿಗೆ ಕಲಿಸುತ್ತಾ ಉಳಿದುಬಿಟ್ಟ. ಕೋಚ್ ಎನಿಸಿಕೊಂಡವನು ಪಾದ ನೋಡಿದನೇ ಹೊರತು ಕಣ್ಣು ನೋಡಲಿಲ್ಲ, ಪೆದ್ದ!

'ನನ್ನ ಮುಖ ನೋಡೋಕೂ ಬೇಡವಾಯ್ತಾ ಅವರಿಗೆ...' ನಿಸರ್ಗಳಿಗೆ ಅನ್ನ ಸೇರಲಿಲ್ಲ. ಒಬ್ಬಳೇ ಹೊಡೆದಳು. ಚೆಂಡು ಇನ್ನಷ್ಟು ಅಡ್ಡ ಓಡಿತು.

ಶುಕ್ರವಾರ ತಡೆಯಲಾಗದೆ ನೇರ ಅವನ ಬಳಿಗೇ ಹೋದಳು.

"ಒಂದು ಏಟಿಗೆ ಇಷ್ಟು ಸಿಟ್ಟಾ, ಸರ್?"

"ಸಿಟ್ಟಲ್ಲ ಕಣ್ರೀ," ಅವನು ತಲೆ ತಗ್ಗಿಸಿದ. "ಓದ ವಾರದಿಂದ ನಾನು ಎದುರಿಗೆ ನಿಂತು ಹೇಳ್ಕೊಡ್ತಿದ್ನಲ್ಲ... ಆಗೆಲ್ಲ ನೀವು ಹಿಮ್ಮಡಿ ಎತ್ಕೊಂಡು ಮುಂದಕ್ಕೆ ವಾಲ್ತಿದ್ರಿ. ಅದಕ್ಕೇ ಬುಡ ತಾಗ್ತಿತ್ತು. ನನ್ನಿಂದ ನಿಮಗೆ ಗಲಿಬಿಲಿ, ನಾನಿಲ್ದಿದ್ರೆ ಸರಿಯೋಯ್ತದೆ ಅಂದ್ಕೊಂಡೆ."

ಅವಳ ಮುಖ ಕೆಂಪೇರಿತು. ತಾನು ಅವನ ಕಡೆಗೆ ವಾಲುತ್ತಿದ್ದದ್ದು ತನಗೇ ಗೊತ್ತಿರಲಿಲ್ಲ! ಮನಸ್ಸು ಬಚ್ಚಿಟ್ಟದ್ದನ್ನು ಹಿಮ್ಮಡಿ ಹೇಳಿಬಿಟ್ಟಿತ್ತು.

"ನೀವಿಲ್ದೆ ಇನ್ನೂ ಕೆಟ್ಟೋಗಿದೆ. ಹೊಡೆಯೋವಾಗ್ಲೂ ನೀವೆಲ್ಲಿದ್ದೀರಿ ಅಂತ್ಲೇ ಹುಡುಕ್ತಿರ್ತೀನಿ..."

ಮನು ಮಕ್ಕಳ ಅಭ್ಯಾಸಕ್ಕೆಂದು ಊರಿಂದ ತಂದಿದ್ದ ತೆಂಗಿನಕಾಯಿ ಮಟ್ಟೆಯೊಂದನ್ನು ಎತ್ತಿಕೊಂಡು ಅವಳ ಜೊತೆ ನಡೆದ. ಚೆಂಡಿನ ಆಚೆ ಬದಿಗೆ ಸ್ವಲ್ಪವೇ ಜಾಗ ಬಿಟ್ಟು ಅದನ್ನಿಟ್ಟ. ಮಟ್ಟೆಗೆ ತಾಗಿಸದೆ ಹೊಡೆಯಬೇಕು, ಹಿಮ್ಮಡಿ ನೆಲಕ್ಕೆ ಊರಿರಬೇಕು, ಹಿಡಿತ ಸಡಿಲವಿರಬೇಕು ಎಂದು ಹೇಳಿ ದೂರ ಸರಿಯಹೊರಟ.

"ಹೋಗ್ಬೇಡಿ. ಎದುರಿಗೇ ನಿಂತ್ಕೊಳ್ಳಿ. ನೀವಿದ್ದಾಗ್ಲೇ ಹೊಡೆಯೋದು ಕಲೀಬೇಕು ನಾನು."

ಮೊದಲ ಹೊಡೆತಕ್ಕೆ ಮಟ್ಟೆಯೇ ಹಾರಿತು. ಮತ್ತೊಮ್ಮೆಯೂ ಅಷ್ಟೇ. ನಿಸರ್ಗ ಉಸಿರು ಬಿಟ್ಟು, ಹಿಮ್ಮಡಿ ಊರಿ, ಕೋಲು ಬೀಸಿದಳು. ಮಟ್ಟೆ ಅಲುಗಲಿಲ್ಲ. ಚೆಂಡು ನೇರ ಎದ್ದು ಬಾವುಟದ ಪಕ್ಕ ಇಳಿಯಿತು.

ಇಬ್ಬರ ಕಣ್ಣೂ ತುಂಬಿದ್ದವು.

"ಭಾನುವಾರ ಬರ್ತೀರಾ?"

"ಬತ್ತೀನಿ. ನೋಡೋರಿಗೆ ಕಟ್ಟಿರೋ ಹಗ್ಗದಾಚೆ ನಿಂತಿರ್ತೀನಿ. ನೋಡಿ, ವಾಲ್ಬಾರ್ದು."

"ಆಟ ಮುಗಿದ ಮೇಲೆ?"

ಮನು ಮೆಲ್ಲಗೆ ನಕ್ಕ. "ಆಮೇಲೆ ಎಷ್ಟಾದ್ರೂ ವಾಲ್ಕೊಳ್ಳಿ. ನಾನು ಪಕ್ಕದಲ್ಲೇ ಇರ್ತೀನಿ."