ಹೆಸರಿಲ್ಲದ ಪುಡಿ

“ನೀರು ಸುರಿ, ಬೆಂಕಿ ಹಚ್ಚು, ಏನಾದ್ರೂ ಮಾಡ್ಕೋ. ಸಾಲಿನ ಕೊನೇಲಿರೋ ಆ ಬೂದಿ ಬಣ್ಣದ ಪುಡಿ ಮಾತ್ರ ಮುಟ್ಬೇಡ. ಗೊತ್ತಿರೋ ಮನೆ ಬರೆದು ಅದರೊಳಗಂತೂ ಹಾಕ್ಲೇಬೇಡ.”

ಹೊಸಬ ನಕ್ಕ. “ಯಾಕಕ್ಕಾ, ಪುಡಿಗೆ ದೆವ್ವ ಹಿಡಿದಿದ್ಯಾ? ಮಂತ್ರವಾದೀನ ಕರೆಸೋಣ್ವಾ?”

ಅಕ್ಕ ನಗಲಿಲ್ಲ. ಆಟಗಳನ್ನು ತಯಾರಿಸುವ ಆ ಕಚೇರಿಯಲ್ಲಿ ಎಲ್ಲರಿಗಿಂತ ಹಳಬಳು ಅವಳು. ಮರಳು, ನೀರು, ಎಣ್ಣೆ, ಬೆಂಕಿಗಳನ್ನು ಚುಕ್ಕೆ ಚುಕ್ಕೆಯಾಗಿ ಪರದೆಯ ಮೇಲೆ ಸುರಿದು, ಒಂದಕ್ಕೊಂದು ತಾಗಿದರೆ ಏನಾಗುತ್ತದೆಂದು ನೋಡುವ ಆಟ ಅದು. ಅದರ ತಪ್ಪು ಹುಡುಕುವುದು ಇಬ್ಬರ ಕೆಲಸ. ಅಕ್ಕನ ಮೇಜಿನ ಮೇಲೆ ಎರಡು ಕಂಪ್ಯೂಟರ್‌. ಒಂದರಲ್ಲಿ ಕೆಲಸ, ಇನ್ನೊಂದನ್ನು ಅವಳು ಎಂದೂ ಆರಿಸುತ್ತಿರಲಿಲ್ಲ. ಅದರ ಪರದೆಯಲ್ಲಿ ಅರ್ಧ ಬೂದಿ ತುಂಬಿದ ಅಡುಗೆಮನೆಯೊಂದು ಅಲ್ಲಾಡದೆ ನಿಂತಿತ್ತು.

“ಅದು ನಾವು ಮಾಡಿದ್ದಲ್ಲ,” ದನಿ ತಗ್ಗಿಸಿದಳು. “ಇಲ್ಲೊಬ್ಬ ಪ್ರೋಗ್ರಾಮರ್ ಇದ್ದ. ಮನೆಗೆ ಬೆಂಕಿ ಬಿದ್ದಿದೆ ಅಂತ ಫೋನ್ ಬಂದ್ರೂ, ಮೇಲಿನವರು ಕೆಲಸ ಮುಗಿಸಿ ಹೋಗು ಅಂದ್ರು. ಆಮೇಲೆ ಅವನು ಸುಟ್ಟ ಮನೆಯಿಂದ ಹಿಡಿ ಬೂದಿ ತಂದು ಕೀಬೋರ್ಡಿಗೆ ಉಜ್ಜಿ, ಏನೋ ಗೊಣಗಿ ಹೋದ. ಅವತ್ತಿಂದ ಆ ಪುಡಿ ಆಟದಲ್ಲಿದೆ.”

“ಹೆದರೋರ ಮೇಲೇ ಹಾವು ಬಿಡೋದು, ಅಕ್ಕಾ.”

ಮಧ್ಯಾಹ್ನ ಅವಳು ಊಟಕ್ಕೆ ಎದ್ದಾಗ ಅವನು ಬೇಕೆಂದೇ ಲ್ಯಾಪ್‌ಟಾಪ್‌ನಲ್ಲಿ ತನ್ನ ಮನೆ ಬರೆದ. ತಂಗಿಯ ಕೋಣೆ. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಅವಳು ಮಲಗಿದ್ದ ಮಂಚ, ಕಿಟಕಿ, ಬಾಗಿಲು. ಪುಡಿ ಸೋರಬಾರದೆಂದು ಬಾಗಿಲು, ಕಿಟಕಿ, ಸಂದಿಗಳನ್ನೆಲ್ಲ ಗೋಡೆಯಿಂದ ಮುಚ್ಚಿದ. ಮೇಲಿನಿಂದ ಒಂದು ಚಿಟಿಕೆ ಉದುರಿಸಿದ.

ಪುಡಿ ನೆಲ ಮುಟ್ಟಿತು. ಇಮ್ಮಡಿಯಾಯಿತು. ಮತ್ತೆ ಇಮ್ಮಡಿ. ಸುಟ್ಟ ಬಟ್ಟೆಯ ಕಮಟು ಮೂಗಿಗೆ ಬಡಿಯಿತು.

ಫೋನ್ ಬಡಿದುಕೊಂಡಿತು. ತಂಗಿ.

“ಅಣ್ಣಾ, ಮೇಲಿಂದ ಏನೋ ಉದುರ್ತಿದೆ ಕಣೋ. ಬೂದಿ ಥರ. ಬೇಗ ಬಾರೋ.”

ಅಳಿಸಲು ಹೋದ. ಉಜ್ಜಿದಲ್ಲೆಲ್ಲ ಪುಡಿ ಹೆಚ್ಚಿತು.

“ಹೊರಗೆ ಬಾ! ಬಾಗಿಲು ತೆಗಿ!”

“ತೆವಳ್ಕೊಂಡು ಬಂದೆ... ಬಾಗಿಲೇ ಇಲ್ಲ ಅಣ್ಣಾ! ಬರೀ ಗೋಡೆ!”

ಅವನೇ ಮುಚ್ಚಿದ ಗೋಡೆ. ಕೆರೆದ. ಅಳಿಯಲಿಲ್ಲ. ಪರದೆಯಲ್ಲಿ ಮಂಚ ಮುಳುಗಿತು. ಫೋನಿನಲ್ಲಿ ಕೆಮ್ಮು. ಸರಸರ ಜಾರುವ ಸದ್ದು. ಮತ್ತೆ ಕೆಮ್ಮು.

“ಅಣ್ಣಾ, ಉಸಿ—”

ತಪ್ಪು ಕಂಡ ಕೂಡಲೇ ಆಟವನ್ನು ಇದ್ದಲ್ಲೇ ನಿಲ್ಲಿಸುವುದು ಈ ಕೆಲಸದವರ ಬೆರಳಿಗೆ ಅಂಟಿದ ಚಾಳಿ. ಬೆರಳು ತಾನಾಗಿ ಗುಂಡಿ ಒತ್ತಿತು.

ಪುಡಿ ನಿಂತಿತು. ಕೆಮ್ಮೂ ನಿಂತಿತು. ಕರೆ ಕಡಿದಿರಲಿಲ್ಲ. ಉಸಿರಿನ ಸದ್ದು ಮಾತ್ರ ಇರಲಿಲ್ಲ.

ಅಕ್ಕ ಹಿಂದೆ ಬಂದು ನಿಂತಿದ್ದಳು. ಪರದೆ ನೋಡಿದಳು. ಬಯ್ಯಲಿಲ್ಲ.

“ಮನೆಗೆ ಓಡ್ತೀನಿ. ಗೋಡೆ ಒಡೆದು...”

“ನಾನೂ ಓಡಿದ್ದೆ. ಸುತ್ತಿಗೆ ಮುರೀತು, ಗೋಡೆ ಮುರೀಲಿಲ್ಲ.” ತನ್ನ ಮೇಜಿನತ್ತ, ಆ ಅಡುಗೆಮನೆಯತ್ತ ನೋಡಿದಳು. “ನಮ್ಮಮ್ಮ ಅಲ್ಲೇ ಇದ್ದಾಳೆ. ಒಲೆ ಮುಂದೆ.”

“ಕಂಪ್ಯೂಟರ್ ಆರಿಸಿದ್ರೆ?”

“ಗೊತ್ತಿಲ್ಲ. ನೋಡೋ ಧೈರ್ಯ ನಂಗಿಲ್ಲ.”

ಅವಳು ಮಂಡಿಯೂರಿ ಮೇಜಿನಡಿ ತಡಕಿದಳು. ಕತ್ತಲಲ್ಲಿ, ಅವಳ ಎರಡನೇ ಕಂಪ್ಯೂಟರನ್ನು ಆರದಂತೆ ಕಾಯುತ್ತಿದ್ದ ಬ್ಯಾಟರಿಯ ಕೆಂಪು ದೀಪ ಮಿಣುಕುತ್ತಿತ್ತು.

“ನಿನ್ನ ಲ್ಯಾಪ್‌ಟಾಪ್ ವೈರ್ ಕೊಡು,” ಎಂದಳು. “ಕರೆಂಟ್ ಹೋಗೋ ಮುಂಚೆ.”